ಒಂದು, ಮೂರು, ನಾಲ್ಕು, ಆಮೇಲೆ ಕಾಂತರಾಜು

ಬೀಚನಹಳ್ಳಿಯ ಕಾಂತರಾಜುವಿಗೆ ದೇವರು ಯಾವುದಕ್ಕೂ ಕಡಿಮೆ ಮಾಡಿರಲಿಲ್ಲ. ನಾಲೆಯ ಪಕ್ಕ ಗದ್ದೆ ಕೊಟ್ಟಿದ್ದ, ಡ್ಯಾಮಿನ ಗೇಟುಗಳಿಗೆ ಗ್ರೀಸು ಬಳಿಯುವ ಕೆಲಸ ಕೊಟ್ಟಿದ್ದ, ಊರಲ್ಲಿ ಇನ್ನೊಬ್ಬರಿಗಿಲ್ಲದ ಮೀಸೆ ಕೊಟ್ಟಿದ್ದ, ಆ ಮೀಸೆಗೆ ಹೆದರದ ಹೆಂಡತಿ ರುಕ್ಮಿಣಮ್ಮನನ್ನೂ ಕೊಟ್ಟಿದ್ದ. ಹುಟ್ಟಿಸುವಾಗ ಮಾತ್ರ ನಾಲ್ಕು ಜನ ಅಣ್ಣತಮ್ಮಂದಿರಲ್ಲಿ ಎರಡನೆಯವನನ್ನಾಗಿ ಹುಟ್ಟಿಸಿಬಿಟ್ಟ. ಯಡವಟ್ಟಾಗಿದ್ದೇ ಅಲ್ಲಿ.

ಮೊದಲನೆಯವರು ಶಿವನಂಜಪ್ಪ, ಮನೆಯ ಯಜಮಾನರು. ಅವರಿಗೆ ಎಲ್ಲದರಲ್ಲೂ ಮೊದಲ ಮರ್ಯಾದೆ. ಇದನ್ನು ಕಾಂತರಾಜುವೂ ಒಪ್ಪುತ್ತಿದ್ದ. ಮೂರನೆಯವನು ಶಿವಶಂಕರ್, ಮೈಸೂರಿನಲ್ಲಿ ಆಫೀಸರು. ಊರಿಗೆ ಅಪರೂಪಕ್ಕೆ ಬರುವವನನ್ನು ನೆಂಟನ ಹಾಗೆ ನೋಡಿಕೊಳ್ಳಬೇಕಲ್ಲ, ಆದ್ದರಿಂದ ಅಣ್ಣನಾದ ಮೇಲೆ ಅವನು. ನಾಲ್ಕನೆಯವನು ಕಿರಣ್‌ಕುಮಾರ್. ಎಲ್ಲರಿಗಿಂತ ಚಿಕ್ಕವನು, 'ಪಾಪ, ಮಗು'. ಆ ಮಗುವಿಗೆ ಈಗ ತಲೆ ಬೋಳಾಗಿದೆ, ಅದು ಬೇರೆ ಮಾತು. ಇಷ್ಟೆಲ್ಲ ಆದ ಮೇಲೆ ಯಾರಾದರೊಬ್ಬರು, "ಅಯ್ಯೋ, ಕಾಂತನ್ನ ಕರೀರೋ" ಅನ್ನುವರು. ಮುದ್ದೆ ಬಡಿಸುವಾಗಲೂ ಹೀಗೆ, ಹಬ್ಬದ ಎಣ್ಣೆಸ್ನಾನಕ್ಕೂ ಹೀಗೆ. ನಡುಮನೆಯ ಗೋಡೆಯ ಮೇಲಿನ ಫೋಟೋದಲ್ಲಿ ಕಾಂತರಾಜುವಿನ ಒಂದು ಭುಜವೂ ಅರ್ಧ ಮೀಸೆಯೂ ಬಿದ್ದಿವೆ. ಉಳಿದರ್ಧ ಚೌಕಟ್ಟಿನಿಂದಾಚೆ ಹೋಯಿತು.

ಈ ಅನ್ಯಾಯಕ್ಕೆಲ್ಲ ಪರಿಹಾರ ಎಂದು ಅವನು ಒಂದು ಹಳೆಯ ಬಿಳಿ ಕಾರು ತಂದ. ಗುಂಡು ದೀಪದ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ದಿನಾ ಬೆಳಿಗ್ಗೆ ಕಾಫಿ ಕುಡಿದು ಅದರ ಬಾನೆಟ್ಟು ಎತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವನು. ಡ್ಯಾಮಿನ ಗೇಟಿಗೆ ಗ್ರೀಸು ಹಚ್ಚುವವನಿಗೆ ಇಂಜಿನ್ನು ಯಾವ ಮಹಾ ಎಂದು ಅವನ ಧೋರಣೆ.

"ಏನ್ ಕಾಂತಣ್ಣ, ನೋಡ್ತಾ ನಿಂತಿದ್ದೀಯ?" ಎಂದು ದಾರಿಹೋಕರು ಕೇಳುವರು.

"ನೋಡ್ತಿಲ್ಲ ಕಣ್ಲಾ, ಸೌಂಡ್ ಕೇಳುಸ್ಕೋತಾ ಇವ್ನಿ."

"ಇಂಜಿನ್ನೇ ಆಫ್ ಆಗಿದ್ಯಲ್ಲಣ್ಣ?"

"ಅದ್ಕೇ ಸರ್ಯಾಗಿ ಕೇಳುಸ್ತಿಲ್ಲ."

ಜನ ತಲೆದೂಗಿ ಹೋಗುವರು. ಇಂಥ ಮಾತಿಗೆ ತಲೆದೂಗದೆ ಇನ್ನೇನು ಮಾಡಲಾಗುತ್ತದೆ ಹೇಳಿ.

ಹೀಗಿರುವಾಗ ಶಿವನಂಜಪ್ಪನವರ ಮಗಳು ಮಧುಶ್ರೀಯ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯವರು, ಧಾರೆ ಅವರೂರಿನ ಚೌಟ್ರಿಯಲ್ಲಿ. ಹೆಣ್ಣನ್ನು ಕರೆದುಕೊಂಡು ಹೋಗುವುದು ಯಾವ ಕಾರಿನಲ್ಲಿ ಎಂಬ ಪ್ರಶ್ನೆಯೇ ಇರಲಿಲ್ಲ, ಶಿವಶಂಕರನ ಹೊಸ ಕಾರು ಫಳಫಳ ಹೊಳೆಯುತ್ತ ನಿಂತಿತ್ತಲ್ಲ. ಆದರೆ ಮಧುಶ್ರೀ, "ನಾನು ಹೋಗೋದು ಕಾಂತ ಚಿಕ್ಕಪ್ಪನ ಕಾರಲ್ಲೇ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಸ್ಕೂಲಿಗೆ ಬಸ್ಸು ತಪ್ಪಿದಾಗಲೆಲ್ಲ ಅವಳನ್ನು ಬಿಟ್ಟು ಬಂದಿದ್ದು ಅದೇ ಕಾರು.

ಕಾಂತರಾಜು ಅವತ್ತು ಊಟ ಮಾಡಲಿಲ್ಲ. ಸಂತೋಷಕ್ಕೆ ಹೊಟ್ಟೆ ತುಂಬಿತ್ತು. ಹುಟ್ಟಿದಾಗಿನಿಂದ ಅವನಿಗೆ ಯಾವುದಾದರೂ ಮೊದಲು ಸಿಕ್ಕಿದ್ದು ಅದೇ.

ಮದುವೆಯ ಹಿಂದಿನ ದಿನ ಕಾರನ್ನು ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನ ಮೆಕ್ಯಾನಿಕ್ ದೇವಯ್ಯನ ಹತ್ತಿರ ಒಯ್ದ. ದೇವಯ್ಯ ತನ್ನನ್ನು ತಾನು ಹೊಗಳಿಕೊಳ್ಳದೆ ಒಂದು ನಟ್ಟನ್ನೂ ಬಿಗಿ ಮಾಡುವವನಲ್ಲ. "ನೋಡ್ಕೊಳಿ ಕಾಂತಣ್ಣ, ಈ ತಾಲ್ಲೂಕಲ್ಲಿ ಇಂಗೆ ಟ್ಯೂನ್ ಮಾಡೋನು ಇನ್ನೊಬ್ಬ ಹುಟ್ಟಬೇಕು" ಎನ್ನುತ್ತ ಒಂದು ಕಪ್ಪು ಮುಚ್ಚಳ ತೋರಿಸಿದ. ಅದರಿಂದ ನಾಲ್ಕು ವೈರು ಹೊರಟು ನಾಲ್ಕು ಸಿಲಿಂಡರುಗಳಿಗೆ ಹೋಗಿದ್ದವು. "ಇದು ಡಿಸ್ಟ್ರಿಬ್ಯೂಟರ್. ಬೆಂಕಿ ಕಿಡೀನ ಹಂಚೋ ಯಜಮಾನ. ಮೊದ್ಲು ಒಂದಕ್ಕೆ, ಆಮೇಲೆ ಮೂರಕ್ಕೆ, ಆಮೇಲೆ ನಾಲ್ಕಕ್ಕೆ, ಕೊನೇಗೆ ಎರಡಕ್ಕೆ."

ಕಾಂತರಾಜು ದೇವಯ್ಯನ ಕೈ ಹಿಡಿದು ನಿಲ್ಲಿಸಿದ. "ಇನ್ನೊಂದ್ಸಲ ಹೇಳು."

"ಒಂದು, ಮೂರು, ನಾಲ್ಕು, ಎರಡು."

"ಎರಡು ಏನ್ ತಪ್ಪು ಮಾಡ್ತು?"

"ತಪ್ಪೇನಿಲ್ಲ ಕಣಣ್ಣ, ಒಳಗಡೆ ತಿರುಗೋ ಶಾಫ್ಟು ಬಂದಿರೋದೇ ಅಂಗೆ…" ಎಂದು ದೇವಯ್ಯ ವಿವರಿಸತೊಡಗಿದ. ಕಾಂತರಾಜು ಕೇಳಿಸಿಕೊಳ್ಳಲಿಲ್ಲ. ಕಬ್ಬಿಣಕ್ಕೂ ಈ ಬುದ್ಧಿ ಬಂತಲ್ಲ ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಮನೆಗೆ ಬಂದ.

ಮನೆಯಲ್ಲಿ ಶಿವನಂಜಪ್ಪನವರು ಬೀಗರ ಜೊತೆ ಫೋನಿನಲ್ಲಿದ್ದರು. ನಮ್ಮ ಕಡೆ ಧಾರೆ ಮುಗಿದ ಮೇಲೆ ಬೀಗರು ಹೆಣ್ಣಿನ ಮನೆಯವರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ವೀಳ್ಯ ಕೊಡುತ್ತಾರೆ. ಊಟ ಕೆಟ್ಟರೆ ಜನ ಮರೆತಾರು. ವೀಳ್ಯದ ಸರದಿ ಕೆಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಅದೇ ಮಾತು. ಶಿವನಂಜಪ್ಪ ಹೇಳುತ್ತಿದ್ದರು: "ಮೊದ್ಲು ನಾನು. ಆಮೇಲೆ ಶಂಕರ. ಆಮೇಲೆ ಕಿರಣ. ಆಮೇಲೆ… ಆಮೇಲೆ ಇನ್ಯಾರು? ಹಾಂ, ಕಾಂತ."

ಕಾಂತರಾಜು ನೆಟ್ಟಗೆ ಹೊರಗೆ ಹೋದ, ಬಾನೆಟ್ಟು ಎತ್ತಿದ. ಮೂರನೇ ಸಿಲಿಂಡರಿನ ವೈರನ್ನು ಕಿತ್ತು ಎರಡಕ್ಕೆ ಚುಚ್ಚಿದ, ಎರಡರದ್ದನ್ನು ಮೂರಕ್ಕೆ ಚುಚ್ಚಿದ. "ಮನೇಲಂತೂ ಆಗ್ಲಿಲ್ಲ, ಇಲ್ಲಾದ್ರೂ ನ್ಯಾಯ ಆಗ್ಲಿ" ಎಂದು ಬಾನೆಟ್ಟು ಮುಚ್ಚಿ, ಅದರ ಮೇಲೆ ಕುಂಕುಮ ಇಟ್ಟು ಒಳಗೆ ಬಂದ.

ಮರುದಿನ ಬೆಳಿಗ್ಗೆ ಸೇವಂತಿಗೆ ಹಾರ ಹೊತ್ತ ಕಾರಿನ ಹಿಂದಿನ ಸೀಟಿನಲ್ಲಿ ಮಧುಶ್ರೀಯೂ ರುಕ್ಮಿಣಮ್ಮನೂ ಕೂತರು. ಕಾಂತರಾಜು ಬೀಗದಕೈ ತಿರುವಿದ. ಕಾರು ಕೆಮ್ಮಿತು, ಕ್ಯಾಕರಿಸಿತು, ಆಮೇಲೆ ಚಳಿಜ್ವರ ಬಂದಂತೆ ಗಡಗಡ ನಡುಗುತ್ತ ಸ್ಟಾರ್ಟಾಯಿತು. ಹಾರದ ಹೂವೆಲ್ಲ ಉದುರತೊಡಗಿದವು.

"ಏನ್ರೀ ಇದು, ಇಂಗ್ ಅಲ್ಲಾಡ್ತದೆ?" ಎಂದಳು ರುಕ್ಮಿಣಮ್ಮ.

"ನ್ಯಾಯ ಸಿಕ್ಕಿದ್ ಖುಷಿ ಕಣೇ."

ಅವಳಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಕಾರು ಢಂ ಎಂದಿತು. ಪಕ್ಕದ ಮನೆಯ ಕೋಳಿಗಳು ಹೆಂಚು ಹತ್ತಿದವು. ಬೀದಿಯ ಜನ ಹೊರಗೆ ಬಂದು, "ಕಾಂತಣ್ಣ ಮದ್ವೇಗೆ ಪಟಾಕಿ ಜೋರಾಗೇ ತಂದವ್ನೆ ಕಣ್ರಪ್ಪ!" ಎಂದು ಮೆಚ್ಚಿಕೊಂಡರು. ಹ್ಯಾಂಡ್‌ಪೋಸ್ಟಿನಲ್ಲಿ ಇನ್ನೊಂದು ಢಂ. ಬಸ್ಸು ಕಾಯುತ್ತಿದ್ದವರು ಚಪ್ಪಾಳೆ ತಟ್ಟಿದರು. ಕಾಂತರಾಜು ಕಿಟಕಿಯಿಂದ ಕೈ ಬೀಸಿದ. ಇಷ್ಟು ಜನ ಒಟ್ಟಿಗೆ ತನ್ನನ್ನು ಗಮನಿಸಿದ್ದು ಅವನಿಗೆ ನೆನಪಿಲ್ಲ.

ಬಸ್ಸಿನಲ್ಲಿ ನೆಂಟರೆಲ್ಲ ಮುಂಚೆಯೇ ಹೋಗಿದ್ದರು. ಶಿವಶಂಕರನ ಹೊಸ ಕಾರು ಉಳಿದ ಮೂವರು ಅಣ್ಣತಮ್ಮಂದಿರನ್ನು ಕೂರಿಸಿಕೊಂಡು ಸುಯ್ಯನೆ ಮುಂದೆ ಹೋಯಿತು. ಕಾಂತರಾಜುವಿನ ಕಾರು ಹುಣಸೂರು ರಸ್ತೆಯಲ್ಲಿ ತೆವಳುತ್ತ, ಕಾಡಿನ ಅಂಚಿಗೆ ಬರುವ ಹೊತ್ತಿಗೆ ಢಂಢಂ ಎಂದು ಎರಡು ಸಲ ಸಿಡಿಯಿತು. ಪೊದೆಯಿಂದ ಫಾರೆಸ್ಟ್ ಗಾರ್ಡ್ ಮಹೇಶ್‌ಕುಮಾರ್ ಲಾಠಿ ಹಿಡಿದು ರಸ್ತೆಗೆ ಹಾರಿದ.

"ಗಾಡಿ ನಿಲ್ಸಿ! ಬಂದೂಕು ಎಲ್ಲಿ?"

"ಯಾವ ಬಂದೂಕು ಸ್ವಾಮಿ? ಮದ್ವೆ ಗಾಡಿ ಇದು."

"ಕಡವೆ ಹೊಡಿಯೋರೆಲ್ಲ ಮದ್ವೆ ಗಾಡೀಲೇ ಬರೋದು. ಡಿಕ್ಕಿ ತೆಗೀರಿ."

ಡಿಕ್ಕಿಯಲ್ಲಿ ವೀಳ್ಯದೆಲೆ, ತೆಂಗಿನಕಾಯಿ, ಬಳೆ, ತಂಬಿಟ್ಟಿನ ಡಬ್ಬ ಇದ್ದವು. ರುಕ್ಮಿಣಮ್ಮ ಇಳಿದು ಬಂದು, "ಚೆನ್ನಾಗಿ ಹುಡುಕಿ ಸ್ವಾಮಿ. ಗುಂಡು ಅಂದ್ರೆ ಈ ತಂಬಿಟ್ಟೇ. ನಮ್ಮ ಓರಗಿತ್ತಿ ಮಾಡಿರೋದು, ಹೊಡುದ್ರೆ ಆನೇನೂ ಬೀಳ್ತದೆ" ಎಂದಳು.

"ಶಬ್ದ ಮಾಡಿದ್ದು ಕಾರೇ ಸ್ವಾಮಿ" ಎಂದ ಕಾಂತರಾಜು. "ಬೇಕಾದ್ರೆ ತೋರುಸ್ತೀನಿ."

ಆದರೆ ಕಾರು ಆಗ ಢಂ ಎನ್ನಬೇಕಲ್ಲ! ಎಷ್ಟು ಆಕ್ಸಿಲರೇಟರು ತುಳಿದರೂ ತಲೆ ತಗ್ಗಿಸಿಕೊಂಡು ಪುಸುಪುಸು ಎಂದಿತೇ ಹೊರತು ಸಿಡಿಯಲಿಲ್ಲ. ಗಾರ್ಡು ಅನುಮಾನದಿಂದ ಬಾನೆಟ್ಟಿನ ಹತ್ತಿರ ಬಂದ, ಬಗ್ಗಿದ, ಕಿವಿ ಇಟ್ಟ. ಢಂ! ಅವನ ಟೋಪಿ ಲಂಟಾನದ ಪೊದೆಯ ಮೇಲೆ ಬಿತ್ತು, ಅವನು ಚರಂಡಿಯಲ್ಲಿ ಬಿದ್ದ. ಕಾರು ಅಲ್ಲಿಗೆ ಪೂರ್ತಿ ನಿಂತುಹೋಯಿತು.

"ಒಪ್ಕೊಂಡೆ" ಎಂದ ಗಾರ್ಡು ಚರಂಡಿಯಿಂದಲೇ. "ಬಂದೂಕು ಇಷ್ಟು ಜೋರಿರಲ್ಲ."

ಅಷ್ಟರಲ್ಲಿ ಹೆಣ್ಣಿನ ಕಾರು ಕಾಣದೆ ಗಾಬರಿಯಾಗಿ ಹೊಸ ಕಾರು ತಿರುಗಿ ಬಂತು. ಶಿವಶಂಕರ್ ಇಳಿದವನೇ ಗಡಿಯಾರ ನೋಡಿ, "ಮುಹೂರ್ತಕ್ಕೆ ಹೊತ್ತಾಗುತ್ತೆ. ಮಧು, ಇಳಿಯಮ್ಮ, ನನ್ನ ಕಾರಿಗೆ ಬಾ" ಎಂದ.

ಕಾಂತರಾಜುವಿನ ಮೀಸೆ ಜೋತುಬಿತ್ತು. ಹೆಣ್ಣು ಇಲ್ಲಿ ಇಳಿದು ತಮ್ಮನ ಕಾರು ಹತ್ತಿದರೆ ಚೌಟ್ರಿ ಬಾಗಿಲಲ್ಲಿ ಕಾದಿರುವ ಹಾರನಹಳ್ಳಿಯವರೆಲ್ಲ ನೋಡುವುದು ಶಿವಶಂಕರನನ್ನೇ. ಸಿಕ್ಕಿದ್ದ ಒಂದೇ ಒಂದು ಮೊದಲೂ ಕೈತಪ್ಪಿಹೋಗುತ್ತದೆ.

"ಚಿಕ್ಕಪ್ಪ ಸರಿಮಾಡ್ತಾರೆ. ನಾನು ಇಳಿಯಲ್ಲ" ಎಂದಳು ಮಧುಶ್ರೀ, ಬಾಸಿಂಗದ ಡಬ್ಬವನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡು.

ಕಿರಣ ದೇವಯ್ಯನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಸಾಧ್ಯನೇ ಇಲ್ಲ!" ಎಂದು ಹ್ಯಾಂಡ್‌ಪೋಸ್ಟಿನಿಂದ ದೇವಯ್ಯನ ಗಂಟಲು ಮೊಳಗಿತು. "ನಾನ್ ಟ್ಯೂನ್ ಮಾಡಿದ್ ಗಾಡೀನ ಬ್ರಹ್ಮ ಬಂದ್ರೂ ಕೆಡ್ಸಕ್ಕಾಗಲ್ಲ. ಯಾರ್ ಕೈ ಹಾಕುದ್ರು ಮೊದ್ಲು ಹೇಳಿ!"



"ಬ್ರಹ್ಮ ಅಲ್ಲ ಕಣೋ" ಎಂದ ಕಾಂತರಾಜು. "ನಾನೇ. ಎರಡರ ವೈರು ಮೂರಕ್ಕೆ ಹಾಕ್ದೆ, ಮೂರರದ್ದು ಎರಡಕ್ಕೆ."

"ಯಾಕಣ್ಣ?" ಎಂದ ಶಿವಶಂಕರ್.

"ಎರಡಕ್ಕೆ ಅನ್ಯಾಯ ಆಯ್ತಿತ್ತು ಕಣೋ. ಒಂದು, ಮೂರು, ನಾಲ್ಕು, ಎಲ್ಲಾ ಆದ್ಮೇಲೆ ಎರಡು. ಯಾಕೆ? ಅದೇನು ಬಿಟ್ಟಿ ಬಂದಿದ್ದಾ?"

 ಶಿವಶಂಕರ್ ತನ್ನ ಚಪ್ಪಲಿ ನೋಡಿಕೊಂಡ. ಶಿವನಂಜಪ್ಪ ಕಾಡಿನ ಕಡೆ ನೋಡಿದರು. ಕಿರಣ ಬೋಳುತಲೆ ಕೆರೆದುಕೊಂಡ. 

ತಡವರಿಸದೆ ಇದ್ದವನು ದೇವಯ್ಯ ಒಬ್ಬನೇ. "ಅಷ್ಟೇನಾ? ಅಲ್ಲಿ ನಾಲ್ಕ್ ಜನ ಗಂಡಸ್ರು ಅವ್ರಾ? ಹುಟ್ಟಿದ್ ವರಸೇಲಿ ಸಾಲಾಗಿ ನಿಂತ್ಕಳಿ. ಈಗ ನೀವೇ ಇಂಜಿನ್ನು."

"ಮುಹೂರ್ತ…" ಎಂದ ಶಿವಶಂಕರ್.

"ಬಾಯ್ಮುಚ್ಕೊಂಡು ನಿಂತ್ಕೊಳೋ" ಎಂದರು ಶಿವನಂಜಪ್ಪ.

ನಾಲ್ವರೂ ರೇಷ್ಮೆ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ರಸ್ತೆ ಬದಿಯಲ್ಲಿ ಸಾಲಾಗಿ ನಿಂತರು. ಗಾರ್ಡು ಟೋಪಿ ಹುಡುಕಿ ಹಾಕಿಕೊಂಡು, ಇದೊಂದು ಸರ್ಕಾರಿ ಕೆಲಸವೇ ಎಂಬಂತೆ ಲಾಠಿಯಿಂದ ತಾಳ ಹಾಕಲು ಸಿದ್ಧನಾದ.

"ಒಂದು ನಾಲ್ಕು ಜೋಡಿ. ಎರಡು ಮೂರು ಜೋಡಿ" ಎಂದಿತು ಫೋನು. "ಒಂದ್ ಜೋಡಿ ಎದ್ರೆ ಇನ್ನೊಂದ್ ಜೋಡಿ ಕುಕ್ಕರುಗಾಲಲ್ಲಿ ಕೂರ್ಬೇಕು. ಎದ್ದ ಜೋಡೀಲಿ ಒಬ್ಬ ಢಂ ಅಂತಾನೆ, ಇನ್ನೊಬ್ಬ ಹಳೇ ಹೊಗೆ ಉಫ್ ಅಂತ ಊದ್ತಾನೆ. ಶುರು! ಒಂದು!"

ಶಿವನಂಜಪ್ಪ ಎದ್ದು "ಢಂ" ಎಂದರು. ಅವರ ಜೊತೆ ಎದ್ದ ಕಿರಣ "ಉಫ್" ಎಂದ. ಇಬ್ಬರೂ ಕೂತರು, ಶಿವಶಂಕರನೂ ಕಾಂತರಾಜುವೂ ಎದ್ದರು.

"ಈಗ ಯಾರು?" ಎಂದಿತು ಫೋನು.

"ನಾನು! ಢಂ!" ಎಂದ ಕಾಂತರಾಜು ಗಬಕ್ಕನೆ.

"ನಿಲ್ಸಿ ನಿಲ್ಸಿ! ಕಾಂತಣ್ಣ, ಈಗ ಪೆಟ್ರೋಲು ತುಂಬ್ಕೊಂಡು ತಯಾರಾಗಿ ಎದ್ದಿರೋದು ಮೂರನೇವ್ನು. ನಿಮ್ ಬಾಗ್ಲು ತೆರ್ದದೆ, ನೀವು ಹೊಗೆ ಊದ್ತಾ ಇದ್ದೀರಿ. ಊದೋ ಬಾಯಿಗೆ ಬೆಂಕಿ ಇಟ್ರೆ ಏನಾಯ್ತದೆ?"

ಗಾರ್ಡು ತನ್ನ ಕಿವಿ ಮುಟ್ಟಿಕೊಂಡ. ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಮೂರಕ್ಕಿಂತ ಎರಡು ಮುಂದೆ ಹೊಡಿಯೋ ಇಂಜಿನ್ನೂ ಅವೆ. ಆದ್ರೆ ಅವು ಹುಟ್ಟಿದ್ದೇ ಅಂಗೆ, ಒಳಗಿನ ಬಾಗ್ಲು ತೆಗ್ಯೋ ಶಾಫ್ಟೇ ಬ್ಯಾರೆ. ಇಲ್ಲಿ ಒಂದು, ಮೂರು, ನಾಲ್ಕು, ಎರಡು. ಮತ್ತೆ ಶುರು! ಎಲ್ಲೂ ನಿಲ್ಸಬೇಡಿ!"

ಒಂದು ಢಂ, ಮೂರು ಢಂ, ನಾಲ್ಕು ಢಂ, ಎರಡು ಢಂ. ಗಾರ್ಡಿನ ಲಾಠಿ ತಾಳ ಹಿಡಿಯಿತು. ಸುತ್ತು ಸುತ್ತಿದಂತೆ ನಾಲ್ವರೂ ಹದಕ್ಕೆ ಬಂದರು; ಒಬ್ಬ ಏಳುವಾಗ ಒಬ್ಬ ಇಳಿಯುವನು, ಒಬ್ಬ ಸಿಡಿಯುವಾಗ ಒಬ್ಬ ಊದುವನು, ಎಲ್ಲೂ ಸಂದಿಲ್ಲ, ಎಲ್ಲೂ ಡಿಕ್ಕಿಯಿಲ್ಲ. ನಿಜ ಹೇಳುತ್ತೇನೆ, ನೋಡುವುದಕ್ಕೆ ಬಲು ಚೆನ್ನಾಗಿತ್ತು. ಇಂಥದ್ದೊಂದನ್ನು ಕಬ್ಬಿಣದಲ್ಲಿ ಎರಕ ಹೊಯ್ದು, ಕಣ್ಣಿಗೆ ಕಾಣದಷ್ಟು ವೇಗದಲ್ಲಿ ವರ್ಷಗಟ್ಟಲೆ ಓಡಿಸಿದ ಪುಣ್ಯಾತ್ಮ ಯಾರೋ, ಅವನ ಕೈಗೆ ಎಷ್ಟು ಚಿನ್ನದ ಕಡಗ ತೊಡಿಸಿದರೂ ಸಾಲದು. ಹುಣಸೂರಿನ ಕಡೆಯಿಂದ ಬಂದ ಬಸ್ಸು ನಿಧಾನಿಸಿತು. ಕಂಡಕ್ಟರು, "ಮದ್ವೆ ಶಾಸ್ತ್ರ ಕಣ್ರೀ, ಅವ್ರ ಮನೆತನದ್ದು" ಎಂದು ಎಲ್ಲರಿಗೂ ತಿಳಿಸಿದ. ಕಿಟಕಿಯ ಪಕ್ಕದ ಅಜ್ಜಿಯೊಬ್ಬಳು ಕೈ ಮುಗಿದಳು.

ಅಷ್ಟರಲ್ಲಿ ಕಾಂತರಾಜು ಅಜ್ಜಿಯನ್ನು ನೋಡುತ್ತ ತನ್ನ ಢಂ ಮರೆತ. ಎಲ್ಲ ನಿಂತುಹೋಯಿತು. ಕುಕ್ಕರುಗಾಲಲ್ಲಿ ಕೂತಿದ್ದ ಶಿವನಂಜಪ್ಪ ಏದುಸಿರು ಬಿಡುತ್ತ ಕೂಗಿದರು:

"ಕಾಂತಾ, ಬೇಗ ಹೊಡಿಯೋ! ನೀನು ಹೊಡೀದೆ ನಾನು ಹೆಂಗೋ ಏಳ್ಲಿ? ಮಂಡಿ ಬಿದ್ದೋಯ್ತದೆ!"

"ಸರ್ಯಾಗ್ ಹೇಳುದ್ರಿ ಯಜಮಾನ್ರೆ!" ಎಂದು ಫೋನು ಕುಣಿಯಿತು. "ಎರಡು ಒದ್ದ ಒದೆತಕ್ಕೇ ಒಂದು ಮೇಲಕ್ಕೆ ಬರೋದು. ಎರಡು ಸತ್ರೆ ಒಂದು ತಿಣುಕಾಡ್ಕೊಂಡು ಏಳ್ಬೇಕು."

ಕಾಂತರಾಜು ಅಣ್ಣನನ್ನು ನೋಡಿದ. ಅಣ್ಣ ಕೆಳಗಿನಿಂದ ಅವನನ್ನೇ ನೋಡುತ್ತಿದ್ದರು. "ಢಂ" ಎಂದ ಕಾಂತರಾಜು, ಮೆಲ್ಲಗೆ. ಶಿವನಂಜಪ್ಪ ಎದ್ದರು.

ಆಮೇಲೆ ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ತಾನೇ ಬಾನೆಟ್ಟು ಎತ್ತಿದ, ಎರಡೂ ವೈರು ಕಿತ್ತ, ಮೂರರದ್ದನ್ನು ಮೂರಕ್ಕೆ ಒತ್ತಿದ, ಎರಡರದ್ದನ್ನು ಎರಡಕ್ಕೆ ಒತ್ತಿ ಅದರ ನೆತ್ತಿಯನ್ನು ಒಮ್ಮೆ ಸವರಿ, ಬಾನೆಟ್ಟು ಮುಚ್ಚಿದ. ಬೀಗದಕೈ ತಿರುವಿದರೆ ಕಾರು ಗುರ್ ಎಂದು ಎದ್ದಿತು. ನಡುಕವಿಲ್ಲ, ಕೆಮ್ಮಿಲ್ಲ. ರುಕ್ಮಿಣಮ್ಮ ಬಾನೆಟ್ಟಿನ ಮೇಲೆ ಇಟ್ಟ ನೀರಿನ ಲೋಟ ಕೂಡ ತುಳುಕಲಿಲ್ಲ. "ಹೋಗಿ ಸಾರ್, ಜಲ್ದಿ ಹೋಗಿ" ಎಂದು ಗಾರ್ಡು ಸೆಲ್ಯೂಟ್ ಹೊಡೆದ. ಅವನ ಬಾಯಿಂದ ಸಾರ್ ಬಂದಿತ್ತು.

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಕಾರು ಬೆಣ್ಣೆಯ ಮೇಲೆ ಜಾರಿದಂತೆ ಓಡಿತು. ಹಿಂದೆ ಶಿವಶಂಕರನ ಹೊಸ ಕಾರು. ಅವನು ಮುಂದೆ ಹೋಗಬಹುದಿತ್ತು, ಆದರೆ ಹಾರನ್ ಕೂಡ ಹೊಡೆಯಲಿಲ್ಲ. ಹಾರನಹಳ್ಳಿಯ ಚೌಟ್ರಿ ಬಾಗಿಲಲ್ಲಿ ಮೊದಲು ನಿಂತದ್ದು ಬಿಳಿ ಕಾರೇ, ಮೊದಲು ಇಳಿದು ಹೆಣ್ಣಿಗೆ ಬಾಗಿಲು ತೆರೆದವನು ಕಾಂತರಾಜುವೇ. ಮುಹೂರ್ತ ಇನ್ನೂ ಇತ್ತು.

ಧಾರೆ ಮುಗಿಯಿತು. ಜಮಖಾನದ ಮೇಲೆ ನಾಲ್ವರೂ ಸಾಲಾಗಿ ಕೂತರು. ಬೀಗರ ಯಜಮಾನರು ವೀಳ್ಯದ ತಟ್ಟೆ ಹಿಡಿದು ಕರೆದರು: "ಹೆಣ್ಣಿನ ತಂದೆಯೋರು, ಬೀಚನಹಳ್ಳಿ ಶಿವನಂಜಪ್ಪನೋರು ಬರ್ಬೇಕು."

ಶಿವನಂಜಪ್ಪ ಏಳಲಿಲ್ಲ.

 ಎಲ್ಲಿ ಏನು ಕಡಿಮೆಯಾಯಿತೋ ಎಂದು ಬೀಗರ ಮುಖ ಬಿಳಿಚಿಕೊಂಡಿತು.

"ತಪ್ಪು ತಿಳೀಬ್ಯಾಡಿ ಸ್ವಾಮಿ" ಎಂದರು ಶಿವನಂಜಪ್ಪ. "ನಮ್ ಕಾಂತರಾಜೂನ ಮೊದ್ಲು ಕರೀರಿ. ಅವ್ನು ಹೊಡೀದೆ ನಾನು ಏಳಕ್ಕಾಗಲ್ಲ. ಇಷ್ಟು ವರ್ಸ ಎದ್ದಿದ್ದೂ ಅಂಗೇ. ಇವತ್ತೇ ಗೊತ್ತಾಗಿದ್ದು."

ಹಾರನಹಳ್ಳಿಯವರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಎಲ್ಲರ ಕಣ್ಣೂ ಕಾಂತರಾಜುವಿನ ಮೇಲೆ ಬಿದ್ದವು. ಹಸೆಮಣೆಯ ಮೇಲಿಂದ ಮಧುಶ್ರೀ ನೋಡುತ್ತಿದ್ದಳು. ರುಕ್ಮಿಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಂತರಾಜು ಮೀಸೆ ತಿರುವಲು ಕೈ ಎತ್ತಿದ, ಹಾಗೇ ಇಳಿಸಿದ. ಹುಟ್ಟಿದಾಗಿನಿಂದ ಕಾದಿದ್ದ ಮರ್ಯಾದೆ ತಟ್ಟೆಯಲ್ಲಿ ಎದುರಿಗೇ ಇತ್ತು.

"ಬ್ಯಾಡ ಅಣ್ಣಯ್ಯ" ಎಂದ ಅವನು. "ಸರದಿ ಕೆಡುಸ್ಬ್ಯಾಡಿ. ಚೌಟ್ರಿ ಒಳ್ಗೆ ಢಂ ಅಂದ್ಬುಟ್ರೆ ನೆಂಟ್ರೆಲ್ಲ ಊಟ ಬುಟ್ಟು ಓಡ್ತಾರೆ."

ಹಾಗಾಗಿ ಮೊದಲು ಶಿವನಂಜಪ್ಪ ಎದ್ದರು. ಆಮೇಲೆ ಶಿವಶಂಕರ್. ಆಮೇಲೆ ಕಿರಣ. ಕೊನೆಗೆ ಬೀಗರು ಬಾಯಿ ತೆರೆಯುವ ಮುಂಚೆಯೇ ಮೂವರೂ ಒಟ್ಟಿಗೆ, "ಈಗ ನಮ್ ಕಾಂತರಾಜು!" ಎಂದು ಕೂಗಿದರು. ಕಾಂತರಾಜು ಗತ್ತಿನಿಂದ ನಡೆದುಹೋಗಿ ವೀಳ್ಯ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ವಾಪಸು ಬಂದು ಅಣ್ಣನ ಮುಂದೆ ನಿಂತ.

"ಹೂಂ ಅಣ್ಣಯ್ಯ" ಎಂದ. "ನಂದಾಯ್ತು. ಈಗ ನೀವು."

ಶಿವನಂಜಪ್ಪ ಮತ್ತೆ ಎದ್ದು ನಿಂತರು. ಬೀಗರಿಗೆ ಏನು ಮಾಡುವುದೆಂದು ತೋಚದೆ ಅವರ ಕೈಗೆ ಇನ್ನೊಂದು ವೀಳ್ಯ ಇಟ್ಟರು. ಪಕ್ಕದಲ್ಲಿ ಶಿವಶಂಕರ್ ಆಗಲೇ ಪಂಚೆ ಎತ್ತಿ ಕಟ್ಟಿಕೊಳ್ಳುತ್ತಿದ್ದ.